ಮನೆಯವರ ಪಾಲು

ಪೀರನವಾಡಿಯಿಂದ ಬೆಳಗಾವಿ ಪೇಟೆಗೆ ಬಸ್ಸಿನಲ್ಲಿ ಹೋಗುವ ನಮ್ಮ ಧರ್ಮಕೇಂದ್ರದ ಜನರಿಗೆ ಟಿಳಕವಾಡಿಯ ಕಾಂಗ್ರೆಸ್ ಬಾವಿ ಹೊಸದೇನಲ್ಲ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಬಂದ ಸಾವಿರಾರು ಜನರಿಗೆ ನೀರು ಬೇಕಲ್ಲ, ಅದಕ್ಕಾಗಿ ತೋಡಿಸಿದ ಬಾವಿ ಅದು. ಅಂದಿನ ಲೆಕ್ಕದಲ್ಲಿ 4,370 ರೂಪಾಯಿ 3 ಆಣೆ ಖರ್ಚಾಯಿತಂತೆ. ಅಧಿವೇಶನದ ಬಯಲಿಗೆ ವಿಜಯನಗರವೆಂದೂ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟಿದ್ದರು. ಮಹಾತ್ಮಾ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ತಮ್ಮ ಜೀವಮಾನದಲ್ಲಿ ಒಂದೇ ಬಾರಿ, ಅದು ನಮ್ಮ ಊರಿನಲ್ಲಿ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಅಧಿವೇಶನದ ಸ್ವಾಗತ ಸಮಿತಿಗೆ ಅಧ್ಯಕ್ಷರಾಗಿದ್ದವರು ಯಾರು, ಅವರ ಮನೆಯ ಗತಿ ಏನಾಯಿತು ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಕಡಿಮೆ.

ಅವರು ಗಂಗಾಧರರಾವ್ ದೇಶಪಾಂಡೆ. 1871ರ ಮಾರ್ಚ್ 31ರಂದು ಬೆಳಗಾವಿ ಹತ್ತಿರದ ಹುದಲಿಯ ವತನದಾರರ ಮನೆಯಲ್ಲಿ ಹುಟ್ಟಿದರು. ಹೊಲ, ಮನೆ, ಆಳು, ಕಾಳು ಎಲ್ಲ ಇದ್ದ ಮನೆತನ. ಪುಣೆಯಲ್ಲಿ ಓದಿ, ಕಾಯಿದೆ ಕಲಿತು, ವಕೀಲರಾದರು. ಲೋಕಮಾನ್ಯ ಟಿಳಕರ ಹಿಂದೆ ಹೋದರು. 1916ರ ಏಪ್ರಿಲ್‌ನಲ್ಲಿ ಟಿಳಕರು ತಮ್ಮ ಹೋಮ್‌ರೂಲ್ ಸಂಘವನ್ನು ಹುಟ್ಟುಹಾಕಿದ್ದೂ ಬೆಳಗಾವಿಯಲ್ಲೇ. ಟಿಳಕರು ತೀರಿಕೊಂಡ ಮೇಲೆ ಗಂಗಾಧರರಾಯರು ಗಾಂಧೀಜಿಯವರ ಜೊತೆಗೆ ನಿಂತರು, ಸೆರೆಮನೆ ಕಂಡರು, ಹುದಲಿಯಲ್ಲಿ ಚರಕ ತಿರುಗಿಸಿದರು. 1937ರಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಗಾಂಧೀಜಿ ಹುದಲಿಗೇ ಬಂದಿದ್ದರು. ಜನ ಇವರನ್ನು ಕರ್ನಾಟಕದ ಸಿಂಹವೆಂದರು, ಖಾದಿ ಭಗೀರಥನೆಂದರು. ಮನೆಯಲ್ಲಿ ಮರಾಠಿ ಬಲ್ಲವರು, ದುಡಿದದ್ದು ಕರ್ನಾಟಕದ ಏಕೀಕರಣಕ್ಕೆ. ಒಂದೇ ಬೀದಿಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರೂ ಕೇಳಿಬರುವ ನಮ್ಮಂಥ ಕಡೆ ಇದನ್ನು ಒಂದಿಷ್ಟು ನೆನಪಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. 1960ರ ಜುಲೈ 30ರಂದು ಅವರು ಕಣ್ಣು ಮುಚ್ಚಿದರು. ವತನದಾರರಾಗಿ ಹುಟ್ಟಿದವರು ಕೊನೆಯ ಕಾಲವನ್ನು ಕಳೆದದ್ದು ಖಾದಿ ಉಟ್ಟ ಆಶ್ರಮವಾಸಿಯಂತೆ.

ಪ್ರಿಯ ವಾಚಕರೇ, ಇಂಥವರನ್ನು ಹೊಗಳಿ ಲೇಖನ ಬರೆಯುವುದು ಕಷ್ಟವಲ್ಲ. ಪ್ರತಿ ಆಗಸ್ಟ್ 15ಕ್ಕೆ ಅದು ನಡೆದೇ ಇದೆ. ಇದು ಕುಟುಂಬದ ಪುಟವಾದ್ದರಿಂದ ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹೆಂಡತಿ ಮಕ್ಕಳಿರುವ ಒಬ್ಬ ಗೃಹಸ್ಥ ತನ್ನ ಆಸ್ತಿಯನ್ನೂ ಸಂಪಾದನೆಯನ್ನೂ ಊರಿಗಾಗಿ, ದೇಶಕ್ಕಾಗಿ, ಕೊನೆಗೆ ದೇವಾಲಯಕ್ಕಾಗಿಯೇ ಆದರೂ, ಎಲ್ಲಿಯವರೆಗೆ ಕೊಡಬಹುದು? ಮನೆಯವರ ಪಾಲೆಂಬುದು ಒಂದಿದೆಯೇ? ಇದ್ದರೆ ಅದನ್ನು ಮುಟ್ಟುವ ಹಕ್ಕು ಅವನಿಗಿದೆಯೇ?

ಈ ಪ್ರಶ್ನೆ ನಮ್ಮ ನಾಡಿನಲ್ಲಿ ನೂರು ವರ್ಷಗಳ ಹಿಂದೆ ಬಹಳ ವಕೀಲರ ಮನೆಗಳಲ್ಲಿ ಎದ್ದಿತ್ತು. 1920ರಲ್ಲಿ ಕಾಂಗ್ರೆಸ್ಸು ಅಸಹಕಾರ ಚಳವಳಿಯನ್ನು ಸ್ವೀಕರಿಸಿದಾಗ ವಕೀಲರು ಸರ್ಕಾರದ ನ್ಯಾಯಾಲಯಗಳನ್ನು ಬಿಡಬೇಕೆಂಬುದೂ ಅದರಲ್ಲಿ ಸೇರಿತ್ತು. ಆ ಕಾಲದ ಒಬ್ಬ ಒಳ್ಳೆಯ ವಕೀಲನೆಂದರೆ ಜಿಲ್ಲೆಯಲ್ಲಿ ಕಲೆಕ್ಟರನ ನಂತರದ ಮನುಷ್ಯ. ಅವನ ಕರಿ ಕೋಟಿನ ಆಸರೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಓದುತ್ತಿದ್ದರು, ವಿಧವೆಯಾದ ಅಕ್ಕ ಇರುತ್ತಿದ್ದಳು, ಗುಮಾಸ್ತನ ಮನೆಯ ಒಲೆ ಉರಿಯುತ್ತಿತ್ತು. ಮೋತಿಲಾಲ್ ನೆಹರೂ, ಚಿತ್ತರಂಜನ್ ದಾಸ್, ರಾಜೇಂದ್ರ ಪ್ರಸಾದ್, ಸೇಲಮ್ಮಿನ ರಾಜಗೋಪಾಲಾಚಾರಿ, ಇವರೆಲ್ಲ ಕೋಟು ಕಳಚಿದರು. ಸಣ್ಣ ಊರುಗಳ ಸಣ್ಣ ವಕೀಲರೂ ಕಳಚಿದರು. ಅವರ ಹೆಸರು ಯಾವ ರಸ್ತೆಗೂ ಇಲ್ಲ. ಮನೆ ನಡೆಯುವುದು ಹೇಗೆಂಬುದು ಮುಖಂಡರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ವರ್ಧಾದ ಜಮನಾಲಾಲ್ ಬಜಾಜರು ವಕೀಲಿ ಬಿಟ್ಟವರ ನೆರವಿಗೆಂದೇ ಒಂದು ಲಕ್ಷ ರೂಪಾಯಿ ಕೊಟ್ಟರು. ಆಗಿನ ಲಕ್ಷ! ತ್ಯಾಗಕ್ಕೂ ಒಂದು ತೊಗರಿಬೇಳೆಯ ಲೆಕ್ಕ ಇರುತ್ತದೆಂದು ಒಬ್ಬ ವ್ಯಾಪಾರಿಗೆ ಹೊಳೆದದ್ದು ಸಹಜ.

ಈ ಲೆಕ್ಕವನ್ನು ಇಡದೇ ಹೋದವರು ಮಂಗಳೂರಿನ ಕಾರ್ನಾಡ ಸದಾಶಿವರಾಯರು. ಬೆಂಗಳೂರಿಗೆ ಹೋಗಿಬರುವವರಿಗೆ ಸದಾಶಿವನಗರ ಗೊತ್ತು. ದೊಡ್ಡ ದೊಡ್ಡ ಮಂತ್ರಿಗಳ, ಸಿನಿಮಾದವರ ಬಡಾವಣೆ ಅದು. ಹೆಸರು ಬಂದದ್ದು ಇವರಿಂದ. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯೂ ಇವರದೇ ಹೆಸರಿನದು. ನಮ್ಮ ಮಂಗಳೂರು ಕಡೆಯ ಕುಟುಂಬದವರು ಆ ರಸ್ತೆಯಲ್ಲಿ ಸೀರೆ ಬಂಗಾರ ಕೊಂಡಿರುತ್ತಾರೆ, ಹೆಸರಿನ ಕಡೆ ನೋಡಿರಲಿಕ್ಕಿಲ್ಲ.

1881ರಲ್ಲಿ ಶ್ರೀಮಂತ ಸಾರಸ್ವತ ಮನೆತನದಲ್ಲಿ ಹುಟ್ಟಿದ ಸದಾಶಿವರಾಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾಯಿದೆ ಮುಗಿಸಿ, ಮಂಗಳೂರಿನಲ್ಲಿ ವಕೀಲಿ ಆರಂಭಿಸಿದರು. ಆ ಊರಿನಲ್ಲಿ ಇನ್ನೊಬ್ಬ ವಕೀಲರಿದ್ದರು, ಕುದ್ಮುಲ್ ರಂಗರಾಯರು. ಅಸ್ಪೃಶ್ಯರೆಂದು ಜನ ದೂರವಿಟ್ಟವರ ಮಕ್ಕಳಿಗೆ ಶಾಲೆ ತೆರೆದು, ಸ್ವಜಾತಿಯವರಿಂದ ಬಹಿಷ್ಕಾರ ಉಂಡವರು. ಸದಾಶಿವರಾಯರು ಅವರ ಕೆಲಸಕ್ಕೆ ಹೆಗಲು ಕೊಟ್ಟರು. ಪತ್ನಿ ಶಾಂತಾಬಾಯಿಯವರೊಡನೆ ಮಹಿಳಾ ಸಭೆಯೊಂದನ್ನು ಕಟ್ಟಿ ವಿಧವೆಯರಿಗೆ, ಬಡ ಹೆಂಗಸರಿಗೆ ಓದು, ಕೈಕಸುಬು ಕಲಿಸಿದರು. 1919ರಲ್ಲಿ ಗಾಂಧೀಜಿಯವರ ಸತ್ಯಾಗ್ರಹ ಪ್ರತಿಜ್ಞೆಗೆ ಕನ್ನಡ ನಾಡಿನಿಂದ ಮೊದಲು ಮುಂದೆ ಬಂದವರು ಇವರೆಂದು ಹೇಳುತ್ತಾರೆ. ಅಸಹಕಾರ ಬಂದಾಗ ವಕೀಲಿ ಬಿಟ್ಟರು. ಸರ್ಕಾರಿ ಶಾಲೆ ಬಿಟ್ಟು ಬಂದ ಹುಡುಗರಿಗಾಗಿ ರಾಷ್ಟ್ರೀಯ ಶಾಲೆಯನ್ನು ತೆರೆದರು. ಮಂಗಳೂರಿಗೆ ಬಂದ ದೇಶದ ನಾಯಕರಿಗೆಲ್ಲ ಇವರ ಮನೆಯೇ ಊಟದ ಮನೆ. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದರು.

ಇತ್ತ ಸಂಪಾದನೆ ನಿಂತಿದೆ, ಅತ್ತ ಕೊಡುವ ಕೈ ನಿಂತಿಲ್ಲ. ಯಾವ ಆಸ್ತಿ ತಡೆದೀತು? ಮನೆತನದ ಸಿರಿಯೆಲ್ಲ ಕರಗಿತು. ಶಾಂತಾಬಾಯಿಯವರು ತೀರಿಕೊಂಡರು. ಮಗನೂ ತೀರಿಕೊಂಡ. 1936ರ ಡಿಸೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಫೈಜಪುರದಲ್ಲಿ ಅಧಿವೇಶನ ನಡೆಯಿತು. ಹಳ್ಳಿಯೊಂದರಲ್ಲಿ ಸೇರಿದ ಮೊದಲ ಕಾಂಗ್ರೆಸ್ ಅದು. ಸದಾಶಿವರಾಯರು ಅಲ್ಲಿಗೆ ಹೋಗಿ, ಜ್ವರ ಹಿಡಿದು, 1937ರ ಜನವರಿ 9ರಂದು ತೀರಿಕೊಂಡರು. ಇನ್ನೂ ಅರವತ್ತಾಗಿರಲಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಮದರಾಸಿನಲ್ಲೂ ಮುಂಬಯಿಯಲ್ಲೂ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದವು, ಅವರ ಜೊತೆಯವರು ಮಂತ್ರಿಗಳಾದರು.

ಈ ಕಥೆಯನ್ನು ನಾಲ್ಕು ಜನರ ಮುಂದೆ ಹೇಳಿ ನೋಡಿ. ಇಬ್ಬರು ಕೈ ಮುಗಿಯುತ್ತಾರೆ. ಒಬ್ಬರು, ಬಹುಮಟ್ಟಿಗೆ ಅದು ಹೆಂಗಸಾಗಿರುತ್ತದೆ, "ಮನೀ ಮಂದಿ ಏನ್ ಮಾಡಬೇಕಿತ್ರಿ ಫಾದರ್?" ಎನ್ನುತ್ತಾರೆ. ಈ ಮಾತನ್ನು ಸ್ವಾರ್ಥವೆಂದು ತಳ್ಳಿಹಾಕುವ ಉಪದೇಶಕರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆ ಹೆಂಗಸಿನ ಪ್ರಶ್ನೆಗೆ ಪವಿತ್ರ ಗ್ರಂಥದ ಆಧಾರವಿದೆ.

ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯವನ್ನು ತೆರೆಯಿರಿ. ತನ್ನ ಮನೆಯವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ತೊರೆದವನೆಂದು, ಅವಿಶ್ವಾಸಿಗಿಂತಲೂ ಕಡೆಯೆಂದು ಅವರು ಕಠಿಣವಾಗಿ ಬರೆದಿದ್ದಾರೆ. ಯೇಸುಸ್ವಾಮಿಯೂ ಈ ವಿಷಯದಲ್ಲಿ ಮೃದುವಾಗಿರಲಿಲ್ಲ. ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕೊರ್ಬಾನ್ ಎಂಬ ಪದ ಬರುತ್ತದೆ. ದೇವರಿಗೆ ಮೀಸಲಿಟ್ಟದ್ದು ಎಂದು ಅದರ ಅರ್ಥ. ಮುಪ್ಪಿನ ತಂದೆತಾಯಿಗೆ ಸಲ್ಲಬೇಕಾದ ಹಣವನ್ನು ಕೊರ್ಬಾನ್ ಎಂದು ಸಾರಿಬಿಟ್ಟರೆ, ಅವರನ್ನು ನೋಡಿಕೊಳ್ಳುವ ಹೊಣೆ ತಪ್ಪಿತು ಎಂದು ಶಾಸ್ತ್ರಿಗಳು ಒಪ್ಪುತ್ತಿದ್ದರು. ಯೇಸು ಅದನ್ನು ದೇವರ ಆಜ್ಞೆಯನ್ನು ಮುರಿಯುವ ಕುಟಿಲೋಪಾಯವೆಂದು ಖಂಡಿಸಿದರು. ಕಾಣಿಕೆ ದೇವರಿಗೇ ಆದರೂ ಕೂಡ!

ಆದರೆ ಅದೇ ಯೇಸುಸ್ವಾಮಿ ಐಶ್ವರ್ಯವಂತನಾದ ಅಧಿಕಾರಿಗೆ ಇದ್ದುದೆಲ್ಲವನ್ನೂ ಮಾರಿ ಬಡವರಿಗೆ ಕೊಡಲು ಹೇಳಿದರಲ್ಲ? ಹೇಳಿದರು. ಜೆರಿಕೋದ ಜಕ್ಕಾಯನ ಪ್ರಸಂಗವನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಲೂಕನ ಶುಭಸಂದೇಶದಲ್ಲಿ ಒಂದು ಹದಿನೆಂಟನೆಯ ಅಧ್ಯಾಯ, ಇನ್ನೊಂದು ಹತ್ತೊಂಬತ್ತನೆಯದು, ನಡುವೆ ಹೆಚ್ಚು ದೂರವಿಲ್ಲ. ಜಕ್ಕಾಯ ಎಲ್ಲವನ್ನೂ ಕೊಡಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದ. ಉಳಿದದ್ದೆಲ್ಲಿ ಎಂದು ಸ್ವಾಮಿ ಕೇಳಲಿಲ್ಲ. ಈ ಮನೆಗೆ ಇಂದು ಉದ್ಧಾರ ಬಂತು ಎಂದರು. ಆ ಮನುಷ್ಯನಿಗೆ ಎನ್ನದೆ ಮನೆಗೆ ಎಂದರಲ್ಲ, ಅದನ್ನು ನಾನು ಪ್ರಬೋಧನೆಯಲ್ಲಿ ಅನೇಕ ಸಲ ಹೇಳಿದ್ದೇನೆ.

ಸೆಮಿನರಿಯಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರನ್ನು ಓದಿಸುತ್ತಿದ್ದರು. ಅವರ ಸುಮ್ಮಾ ಥಿಯೊಲೊಜಿಯಾ ಎಂಬ ಮಹಾಗ್ರಂಥದಲ್ಲಿ ದಾನದ ಬಗ್ಗೆ ಒಂದು ವಿಚಾರ ಬರುತ್ತದೆ. ಮನುಷ್ಯ ತನಗೆ ಅಗತ್ಯವಾದುದರಿಂದಲೂ ದಾನ ಮಾಡಬೇಕೇ ಎಂಬುದು ಅಲ್ಲಿನ ಪ್ರಶ್ನೆ. ನಮ್ಮ ಪ್ರಶ್ನೆಯೂ ಅದೇ ತಾನೆ? ಅವರು ಅಗತ್ಯವನ್ನು ಎರಡು ಬಗೆಯಾಗಿ ನೋಡುತ್ತಾರೆ. ಮೊದಲನೆಯದು, ಯಾವುದಿಲ್ಲದೆ ತಾನೂ ತನ್ನ ಮಕ್ಕಳೂ ತನ್ನನ್ನು ನಂಬಿದವರೂ ಬದುಕಲಾರರೋ ಅದು. ಎರಡನೆಯದು, ತನ್ನ ಸ್ಥಾನಮಾನಕ್ಕೆ ತಕ್ಕಂತೆ ಬಾಳಲು ಬೇಕಾದದ್ದು. ಮೊದಲನೆಯದರಿಂದ ತೆಗೆದು ದಾನ ಮಾಡುವುದು ತಪ್ಪು ಎಂದು ಖಂಡಿತವಾಗಿ ಹೇಳುತ್ತಾರೆ. ತನ್ನ ಜೀವವನ್ನೂ ತನ್ನವರ ಜೀವವನ್ನೂ ಕಿತ್ತುಕೊಟ್ಟಂತೆ ಅದು. ಎರಡನೆಯದರಿಂದ ಕೊಡುವುದು ಒಳ್ಳೆಯದು, ಆದರೆ ಅದು ಕಟ್ಟಳೆಯಾಗಿ ಬಂದುದಲ್ಲ, ಬುದ್ಧಿಮಾತು ಮಾತ್ರ. ಅದರಲ್ಲಿಯೂ ಉಳಿದದ್ದರಿಂದ ಯೋಗ್ಯವಾಗಿ ಬಾಳಲಾರದಷ್ಟು ಕೊಟ್ಟರೆ ಅದು ಅತಿಯಾಯಿತು.

ಇಲ್ಲಿಗೆ ನಿಂತಿದ್ದರೆ ಸದಾಶಿವರಾಯರು ಸೋತರು ಎನ್ನಬೇಕಾಗಿತ್ತು. ಥಾಮಸರು ನಿಲ್ಲುವುದಿಲ್ಲ. ಸ್ಥಾನಮಾನವನ್ನು ಬಿಟ್ಟುಕೊಡುವುದು ಯಾವಾಗ ತಪ್ಪಲ್ಲವೆಂಬುದಕ್ಕೆ ಮೂರು ಸಂದರ್ಭಗಳನ್ನು ಕೊಡುತ್ತಾರೆ. ಒಬ್ಬನು ಸನ್ಯಾಸ ಸಭೆ ಸೇರುವಾಗ, ಕೊಟ್ಟದ್ದನ್ನು ಸುಲಭವಾಗಿ ಮತ್ತೆ ಗಳಿಸಬಲ್ಲವನಾದಾಗ, ಇನ್ನೊಬ್ಬನು ಕಡುಕಷ್ಟದಲ್ಲಿರುವಾಗ ಅಥವಾ ರಾಜ್ಯಕ್ಕೇ ದೊಡ್ಡ ಅಗತ್ಯ ಬಂದೊದಗಿದಾಗ. ಇಷ್ಟೇ ಅಲ್ಲದೆ, ಧರ್ಮಸಭೆಗೋ ನಾಡಿಗೋ ಆಧಾರವಾದ ಒಬ್ಬ ವ್ಯಕ್ತಿಯನ್ನು ಉಳಿಸಲು ತನ್ನ ಜೀವವನ್ನೂ ತನ್ನವರ ಜೀವವನ್ನೂ ಅಪಾಯಕ್ಕೆ ಒಡ್ಡಿದರೆ ಅದು ಮೆಚ್ಚತಕ್ಕ ಕಾರ್ಯವೆಂದೂ, ಸರ್ವರ ಹಿತ ಸ್ವಂತ ಹಿತಕ್ಕಿಂತ ಮೇಲೆಂದೂ ಸೇರಿಸುತ್ತಾರೆ. ಹದಿಮೂರನೆಯ ಶತಮಾನದ ಒಬ್ಬ ಸನ್ಯಾಸಿ, ಮನೆ ಮಠ ಇಲ್ಲದವನು, ತನ್ನವರನ್ನು ಎಂಬ ಆ ಒಂದು ಶಬ್ದವನ್ನು ಅಲ್ಲಿ ಮರೆಯದೆ ಇಟ್ಟಿದ್ದಾನೆ. ನಾಡಿಗಾಗಿ ಕೊಡುವವನು ಒಬ್ಬನೇ ಕೊಡುವುದಿಲ್ಲ, ಅವನ ಮನೆಯವರೂ ಕೊಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಈ ಅಳತೆಗೋಲು ಹಿಡಿದರೆ ಗಂಗಾಧರರಾಯರ ಪ್ರಸಂಗ ಸುಲಭವಾಗಿ ತೀರುತ್ತದೆ. ವತನದಾರಿಕೆಯ ದೌಲತ್ತು ಹೋಯಿತು, ಖಾದಿ ಬಂತು. ಅದು ಎರಡನೆಯ ಬಗೆಯ ಅಗತ್ಯ. ನಾಡಿಗೆ ದೊಡ್ಡ ಅಗತ್ಯವೂ ಇತ್ತು. ತಪ್ಪೆನ್ನಲು ಕಾರಣವಿಲ್ಲ. ಸದಾಶಿವರಾಯರ ಪ್ರಸಂಗ ತೊಡಕಿನದು. ವಕೀಲಿ ಬಿಟ್ಟದ್ದನ್ನೂ ಆಸ್ತಿ ಕರಗಿಸಿದ್ದನ್ನೂ ನಾವು ಒಂದೇ ಉಸಿರಿನಲ್ಲಿ ತ್ಯಾಗ ಎನ್ನುತ್ತೇವೆ. ಇವೆರಡು ಒಂದೇ ಜಾತಿಯ ಕೃತ್ಯಗಳಲ್ಲ. ಅದನ್ನು ಬಿಡಿಸಿ ನೋಡಲು ಇನ್ನೊಬ್ಬ ವಕೀಲರ ಬಳಿ ಹೋಗಬೇಕು.

ಅವರು ಸಂತ ಥಾಮಸ್ ಮೋರ್. ಇಂಗ್ಲೆಂಡಿನ ದೊಡ್ಡ ವಕೀಲ, ನ್ಯಾಯಾಧೀಶ, ಅರಸ ಎಂಟನೆಯ ಹೆನ್ರಿಯ ಮಹಾಮಂತ್ರಿ. ಜಗದ್ಗುರು ಎರಡನೆಯ ಜಾನ್ ಪೌಲರು 2000ದಲ್ಲಿ ಇವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ಮಡದಿಯನ್ನು ತೊರೆದು ಇನ್ನೊಂದು ಮದುವೆಯಾದ ಅರಸನನ್ನೇ ಇಂಗ್ಲೆಂಡಿನ ಧರ್ಮಸಭೆಗೆ ಶಿರಸ್ಸೆಂದು ಒಪ್ಪಲು ಮೋರರ ಆತ್ಮಸಾಕ್ಷಿ ಒಪ್ಪಲಿಲ್ಲ. 1532ರಲ್ಲಿ ಪದವಿ ಬಿಟ್ಟರು. ಪ್ರಮಾಣವಚನ ಸ್ವೀಕರಿಸದ್ದಕ್ಕೆ ಲಂಡನ್ನಿನ ಗೋಪುರದ ಸೆರೆಮನೆ, 1535ರ ಜುಲೈ 6ರಂದು ಶಿರಚ್ಛೇದ. ಮನೆಯ ಗತಿ? ಆಸ್ತಿ ಮುಟ್ಟುಗೋಲಾಯಿತು. ಪತ್ನಿ ಆಲಿಸಮ್ಮ ಸೆರೆಮನೆಯಲ್ಲಿ ಗಂಡನ ಊಟದ ಹಣ ಕಟ್ಟಲು ತನ್ನ ಉಡುಪುಗಳನ್ನೇ ಮಾರಿದಳು. ಗಂಡನ ಹಟ ಆಕೆಗೆ ಅರ್ಥವಾಗಲಿಲ್ಲವೆಂದು ಚರಿತ್ರೆಕಾರರು ಹೇಳುತ್ತಾರೆ. ಪಾಪ, ಹೇಗೆ ಅರ್ಥವಾದೀತು? ಮನೆಯವರಿಗೆ ಕೇಡು ಬರಬಾರದೆಂದು ಮೋರರು ತಮ್ಮ ಕಾರಣಗಳನ್ನು ಬಿಡಿಸಿ ಹೇಳಲೂ ಇಲ್ಲ.

ಮೋರರು ಮನೆಯವರನ್ನು ಬಡತನಕ್ಕೆ ನೂಕಿದರೆಂದು ಅವರ ಮೇಲೆ ದೋಷ ಹೊರಿಸಬಹುದೇ? ನೀತಿಶಾಸ್ತ್ರದಲ್ಲಿ ಹಳೆಯ ಒಂದು ವಿವೇಚನೆ ಇದೆ. ಮಾಡಬಾರದೆಂಬ ಆಜ್ಞೆ ಯಾವ ಹೊತ್ತಿನಲ್ಲಿಯೂ ಸಡಿಲವಾಗುವುದಿಲ್ಲ. ಮಾಡಬೇಕೆಂಬ ಆಜ್ಞೆಯನ್ನು ಮಾತ್ರ ಕಾಲ, ಸ್ಥಳ, ಶಕ್ತಿ ನೋಡಿ ಪಾಲಿಸತಕ್ಕದ್ದು. ಸುಳ್ಳು ಪ್ರಮಾಣ ಮಾಡಬಾರದು ಎಂಬುದಕ್ಕೆ ಹೆಂಡತಿಯ ಸೀರೆ, ಮಗಳ ಮದುವೆ ಅಡ್ಡ ಬರುವಂತಿಲ್ಲ. ದಾನ ಮಾಡಬೇಕು ಎಂಬುದಕ್ಕೆ ಅವು ಅಡ್ಡ ಬರಬಹುದು, ಬರಲೂಬೇಕು. ಅಂದರೆ ಮೋರರು ಆಸ್ತಿಯನ್ನು ಕೊಡಲಿಲ್ಲ. ಸುಳ್ಳಾಡಲು ಒಪ್ಪದ್ದರಿಂದ ಕಳೆದುಕೊಂಡರು. ಆ ಪಾಪ ಕಿತ್ತುಕೊಂಡ ಅರಸನದು.

ಸದಾಶಿವರಾಯರು ವಕೀಲಿ ಬಿಟ್ಟದ್ದು ಬಹುಮಟ್ಟಿಗೆ ಮೋರರ ದಾರಿಯದು. ಆ ಸರ್ಕಾರದ ನ್ಯಾಯಾಲಯದಲ್ಲಿ ನಿಂತು ಗಳಿಸುವುದು ತಪ್ಪೆಂದು ಮನಸ್ಸು ಹೇಳಿದ ಮೇಲೆ, ಮನೆ ಖರ್ಚಿಗಾಗಿ ಹೋಗು ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. (ಎಲ್ಲ ವಕೀಲರಿಗೂ ಅದು ತಪ್ಪೆಂದು ತೋರಿತೇ? ತೋರಲಿಲ್ಲ. ಬಿಡದವರಲ್ಲೂ ದೇಶಭಕ್ತರಿದ್ದರು.) ಆಸ್ತಿಯನ್ನು ಕೊಟ್ಟದ್ದು ಬೇರೆ. ಅದು ದಾನ. ಅಲ್ಲಿ ಲೆಕ್ಕ ಕೇಳಬಹುದು. ಹೊರಗಿನವರು ಕೇಳುವುದಕ್ಕಿಂತ ಮೊದಲು ಮನೆಯಾಕೆ ಕೇಳಬಹುದು.

ಇಲ್ಲಿಯೇ ಶಾಂತಾಬಾಯಿಯವರ ಹೆಸರು ಮುಖ್ಯವಾಗುತ್ತದೆ. ಮಹಿಳಾ ಸಭೆಯಲ್ಲಿ ಅವರು ಗಂಡನ ಸಹಧರ್ಮಿಣಿಯಾಗಿ ದುಡಿದವರು. ಗಂಡ ಕೊಟ್ಟ, ಹೆಂಡತಿ ಕಳೆದುಕೊಂಡಳು ಎಂದು ಆ ಮನೆಯ ಕಥೆಯನ್ನು ಹೇಳುವಂತಿಲ್ಲ. ಇಬ್ಬರೂ ಕೊಟ್ಟರು. ನಾನು ಈ ಒಂದು ಅಂಶವನ್ನು ಬಹಳ ದೊಡ್ಡದೆಂದು ಎಣಿಸುತ್ತೇನೆ. ವಿವಾಹ ಸಂಸ್ಕಾರದಲ್ಲಿ ಒಂದಾದವರು ಆಸ್ತಿಯ ವಿಷಯದಲ್ಲಿ ಬೇರೆ ಬೇರೆ ಹೇಗಾದಾರು? ನಮ್ಮವರೇ ಆದ ವಕೀಲ ಜೋಕಿಂ ಆಳ್ವರನ್ನು ಹಿರಿಯರು ಮರೆತಿರಲಾರರು. ಉಡುಪಿ ಕಡೆಯ ಕಥೋಲಿಕರು, ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು, 1952ರಿಂದ ಮೂರು ಸಲ ಕೆನರಾದಿಂದ ಲೋಕಸಭೆಗೆ ಆರಿಸಿ ಹೋದವರು. ಅವರ ಪತ್ನಿ ವಯೊಲೆಟ್ ಆಳ್ವರೂ ವಕೀಲೆ. 1943ರಲ್ಲಿ ಆಕೆಯನ್ನು ಬಂಧಿಸಿದಾಗ ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಸೆರೆಮನೆಗೆ ಹೋದರು. ಆಮೇಲೆ ರಾಜ್ಯಸಭೆಯ ಉಪಸಭಾಪತಿಯಾದರು. ಗಂಡ ಹೆಂಡತಿ ಇಬ್ಬರೂ ಕೂಡಿ ಹೊತ್ತ ಹೊರೆ ಅದು.

ಕೂಸಿನ ಒಪ್ಪಿಗೆ ಯಾರು ಕೇಳಿದರು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಮಕ್ಕಳ ಒಪ್ಪಿಗೆ ಕೇಳಲು ಬರುವುದಿಲ್ಲ. ಅದಕ್ಕೇ ನಮ್ಮ ಹಿಂದೂ ಬಾಂಧವರ ಹಳೆಯ ಮಿತಾಕ್ಷರ ಕಾಯಿದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಇಟ್ಟಿತ್ತು. ತಂದೆಯಾದವನು ಆ ಹೊಲವನ್ನು ಮನಸ್ಸಿಗೆ ಬಂದಂತೆ ದಾನ ಕೊಡುವಂತಿರಲಿಲ್ಲ, ಧರ್ಮಕಾರ್ಯಕ್ಕಾದರೂ ಸಣ್ಣ ಭಾಗವನ್ನಷ್ಟೇ ಕೊಡಬಹುದಿತ್ತು. ಕ್ರೈಸ್ತರಾದ ನಮ್ಮ ಕಾಯಿದೆಯಲ್ಲಿ ಅಂಥ ಬೇಲಿ ಇಲ್ಲ. ತಂದೆ ಇಚ್ಛಾಪತ್ರ ಬರೆದು ಎಲ್ಲವನ್ನೂ ಯಾರಿಗಾದರೂ ಕೊಡಬಹುದು. ಕಾಯಿದೆಯ ಬೇಲಿ ಇಲ್ಲದ ಕಡೆ ಆತ್ಮಸಾಕ್ಷಿಯ ಬೇಲಿ ಗಟ್ಟಿಯಾಗಿರಬೇಕಷ್ಟೇ.

ಇನ್ನೊಂದು ಸಣ್ಣ ಮಾತು, ಸಾಲದ ಬಗ್ಗೆ. ದಾನಕ್ಕಿಂತ ಮೊದಲು ನ್ಯಾಯ. ಅಮೆರಿಕದ ಅಬ್ರಹಾಂ ಲಿಂಕನ್ ವಕೀಲರಾಗುವ ಮೊದಲು ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಪಾಲುಗಾರಿಕೆಯ ಅಂಗಡಿ ಇಟ್ಟು ಮುಳುಗಿದ್ದರು. ಪಾಲುಗಾರ ಸತ್ತ. ಅವನ ಪಾಲಿನ ಸಾಲವನ್ನೂ ತಮ್ಮ ತಲೆಗೆ ಹಾಕಿಕೊಂಡು, ವಕೀಲಿಯ ಸಂಪಾದನೆಯಿಂದ ಹಲವು ವರ್ಷ ತೀರಿಸಿದರು. ತಮಾಷೆಗೆ ಅದನ್ನು ರಾಷ್ಟ್ರೀಯ ಸಾಲ ಎನ್ನುತ್ತಿದ್ದರಂತೆ. ಚಿತ್ತರಂಜನ್ ದಾಸರೂ ದೇಶಕ್ಕೆ ಎಲ್ಲವನ್ನೂ ಕೊಡುವ ಮೊದಲು, ದಿವಾಳಿಯಾದ ತಂದೆಯ ಹಳೆಯ ಸಾಲವನ್ನು ಕಾಯಿದೆ ಕೇಳದಿದ್ದರೂ ತೀರಿಸಿದರು. ಕಿರಾಣಿ ಅಂಗಡಿಯವನಿಗೆ ಬಾಕಿ ಇಟ್ಟು ಹಬ್ಬದ ಬ್ಯಾಂಡಿಗೆ ವಂತಿಗೆ ಕೊಡುವವರು ಇದನ್ನು ಎರಡು ಸಲ ಓದಬೇಕು.

ಈಗ ನಮ್ಮ ಕಡೆಗೆ ಬರೋಣ. ಖಾನಾಪುರ ರಸ್ತೆಯ ಎರಡೂ ಬದಿಯಲ್ಲಿ ಹೊಲಗಳು ಪ್ಲಾಟುಗಳಾದವು. ಅಜ್ಜ ಭತ್ತ ಬೆಳೆದ ಗುಂಟೆಗೆ ಮೊಮ್ಮಗ ಕನಸಿನಲ್ಲೂ ಕಾಣದ ಬೆಲೆ ಬಂತು. ಹಣದ ಹಿಂದೆಯೇ ಎರಡು ಹುಚ್ಚು ಬಂದಿದೆ. ಒಂದು, ಚುನಾವಣೆಯ ಹುಚ್ಚು. ಪ್ಲಾಟು ಮಾರಿದ ಹಣವನ್ನು ಪಂಚಾಯಿತಿ ಚುನಾವಣೆಗೆ ಸುರಿದು, ಜನಸೇವೆಗಾಗಿ ಮನೆ ಮಾರಿದೆ ಎಂದು ಹೇಳಿಕೊಳ್ಳುವವರಿದ್ದಾರೆ. ಗಂಗಾಧರರಾಯರ ಜೊತೆ ಇವರನ್ನು ಕೂಡಿಸಲು ಬರುವುದಿಲ್ಲ. ನಾಲ್ಕರಷ್ಟು ತಿರುಗಿ ಬರಲಿ ಎಂದು ಹಾಕಿದ ಹಣಕ್ಕೆ ವ್ಯಾಪಾರವೆಂದು ಹೆಸರು, ಅದರಲ್ಲೂ ಜೂಜಿನ ವ್ಯಾಪಾರ. ಹೆಂಡತಿಯ ಬಂಗಾರವನ್ನು ಆಕೆಗೆ ಹೇಳದೆ ಅಡವಿಟ್ಟು ಹಾಗೆ ಮಾಡಿದರೆ ಅದು ಕಳ್ಳತನವೂ ಹೌದು. ಪಾಪನಿವೇದನೆಯ ಪೀಠದಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಸಾಧ್ಯವಾಗುವುದಿಲ್ಲ.

ಎರಡನೆಯದನ್ನು ಹೇಳಲು ಒಬ್ಬ ಗುರುವಿಗೆ ಸಂಕೋಚ. ಆದರೂ ಹೇಳುತ್ತೇನೆ. ದೇವಾಲಯಕ್ಕೆ ದೊಡ್ಡ ಕಾಣಿಕೆ ಕೊಟ್ಟು, ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಿಕೊಂಡು, ಮುದಿ ತಾಯಿಯನ್ನು ತಂಗಿಯ ಮನೆಯ ಪಡಸಾಲೆಯಲ್ಲಿ ಬಿಟ್ಟವರು ನಮ್ಮ ಕ್ರೈಸ್ತ ಸಮಾಜದಲ್ಲಿಲ್ಲವೇ? ಅದು ಯೇಸುಸ್ವಾಮಿ ಹೇಳಿದ ಅದೇ ಕೊರ್ಬಾನ್. ಅಂಥ ಕಾಣಿಕೆ ನನ್ನ ಮುಂದೆ ಬಂದರೆ, ಮೊದಲು ತಾಯಿಯ ಔಷಧಕ್ಕೆ ತೆಗೆದಿಟ್ಟು ಉಳಿದರೆ ತನ್ನಿ ಎನ್ನುವುದು ನನ್ನ ಕರ್ತವ್ಯ. ದೇವಾಲಯದ ಮಾಡು ಇನ್ನೊಂದು ಮಳೆಗಾಲ ಸೋರಿದರೂ ಚಿಂತೆಯಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ತಂದೆಯ ಅಂಗಡಿಯ ಬಟ್ಟೆ ಮಾರಿ ದೇವಾಲಯದ ದುರಸ್ತಿಗೆ ಹಣ ತಂದಾಗ, ಅದನ್ನು ತಂದೆಗೇ ಹಿಂತಿರುಗಿಸಲು ಹೇಳಿದವರು ಅಲ್ಲಿಯ ಧರ್ಮಾಧ್ಯಕ್ಷರು. ಫ್ರಾನ್ಸಿಸರು ಹಣದ ಜೊತೆಗೆ ಮೈಮೇಲಿನ ಬಟ್ಟೆಯನ್ನೂ ಕಳಚಿಕೊಟ್ಟರು. ಆ ಚಿತ್ರ ಎಲ್ಲರ ಮನೆಯಲ್ಲಿದೆ, ಧರ್ಮಾಧ್ಯಕ್ಷರ ಮಾತು ಮಾತ್ರ ಯಾರಿಗೂ ನೆನಪಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕೊಡದೆ ಕೂತವರು ಖುಷಿಪಡುವುದು ಬೇಡ. ಮಕ್ಕಳ ಭವಿಷ್ಯ ಎಂಬ ಹೆಸರಿನಲ್ಲಿ ಮೂರನೆಯ ಮನೆ ಕಟ್ಟಿಸುವುದು ಥಾಮಸರು ಹೇಳಿದ ಎರಡು ಬಗೆಯ ಅಗತ್ಯದಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅಗತ್ಯ ಕಳೆದು ಮಿಕ್ಕದ್ದರ ಬಗ್ಗೆ ಅವರ ಮಾತು ಬಹಳ ಕಟು. ಅದರಿಂದ ಬಡವನಿಗೆ ಕೊಡುವುದು ಕಟ್ಟಳೆ, ಬುದ್ಧಿಮಾತಲ್ಲ. ನಮ್ಮಲ್ಲಿ ಸದಾಶಿವರಾಯರ ಹಾಗೆ ಅತಿಯಾಗಿ ಕೊಟ್ಟು ಕೆಟ್ಟವರನ್ನು ಹುಡುಕಲು ದೀಪ ಬೇಕು. ಅವರನ್ನು ಅಳೆಯಲು ಹೊರಟ ನಾವು ಆ ಮಟ್ಟದ ಅರ್ಧಕ್ಕೂ ಏರಿದವರಲ್ಲ ಎಂಬುದು ಓದುವವರಿಗೂ ಬರೆಯುವವನಿಗೂ ತಿಳಿದಿರಲಿ.

ನನ್ನ ಮನಸ್ಸನ್ನು ಹೆಚ್ಚು ಕೊರೆಯುವುದು ಇದರ ಇನ್ನೊಂದು ಮಗ್ಗುಲು. ಕೊಡುವವನಿಗೆ ಮಿತಿ ಹೇಳುವ ನಾವು, ಪಡೆಯುವವರ ಹೊಣೆಯ ಬಗ್ಗೆ ಏನು ಹೇಳುತ್ತೇವೆ? ಸದಾಶಿವರಾಯರ ಮನೆಯಲ್ಲಿ ಊಟ ಮಾಡಿದವರು ಎಷ್ಟು ಸಾವಿರವೋ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬಾರ್ನಬನು ಹೊಲ ಮಾರಿ ಹಣವನ್ನು ಪ್ರೇಷಿತರ ಪಾದದ ಬಳಿ ತಂದಿಟ್ಟ. ಆದರೆ ಅವನು ಕೊಟ್ಟದ್ದು ಎಂಥ ಜನರ ನಡುವೆ? ಯಾರಿಗೂ ಕೊರತೆಯಾಗದಂತೆ ಅಗತ್ಯವಿದ್ದಷ್ಟು ಹಂಚುತ್ತಿದ್ದವರ ನಡುವೆ. ಹೊಲ ಕೊಟ್ಟವನಿಗೆ ನಾಳೆ ಜ್ವರ ಬಂದರೆ ಗಂಜಿ ಕೊಡುವವರಿದ್ದರು. ವಿಧವೆಯರ ಊಟದಲ್ಲಿ ಹೆಚ್ಚುಕಡಿಮೆಯಾಯಿತೆಂದು ದೂರು ಬಂದಾಗ ಏಳು ಜನರನ್ನು ಅದಕ್ಕೆಂದೇ ನೇಮಿಸಿದರು. ಎಲ್ಲವನ್ನೂ ಕೊಡು ಎನ್ನುವ ಸಮಾಜ ಕೊಟ್ಟವನ ಮನೆಯನ್ನು ತನ್ನದೆಂದು ನೋಡಿಕೊಳ್ಳಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ ಮೂವತ್ತು ವರ್ಷ ಉಪದೇಶಿಗಳಾಗಿ, 'ಸಿಕ್ಕಷ್ಟು ಸಾಕು' ಎಂದು ದುಡಿದು ತೀರಿಕೊಂಡವರ ವಿಧವೆಯರು ಇಂದು ಎಲ್ಲಿದ್ದಾರೆ, ಯಾರ ಮನೆಯಲ್ಲಿದ್ದಾರೆ, ವಿನ್ಸೆಂಟ್ ದೆ ಪಾವ್ಲ್ ಸಂಘದ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಯಾರಾದರೂ ಕೇಳಲಿ.

ಆಲಿಸಮ್ಮನ ಕಥೆಯ ಕೊನೆಯನ್ನು ಹೇಳುವುದು ಉಳಿಯಿತು. ಗಂಡನ ತಲೆ ಹೋದ ಎರಡು ವರ್ಷಕ್ಕೆ, 1537ರಲ್ಲಿ, ಆಕೆಗೆ ವರ್ಷಕ್ಕೆ 20 ಪೌಂಡಿನ ಜೀವನಾಂಶ ಮಂಜೂರಾಯಿತು. ಕೊಟ್ಟವನು ಅದೇ ಎಂಟನೆಯ ಹೆನ್ರಿ.